ಉಗ್ರಾಣ ರಸೀದಿ ಸಾಲ: ಮಿತಿಯ ಜೊತೆಗೆ ನೋಂದಣಿಯೂ ಕಡ್ಡಾಯವಾಗಲಿ

ಮಾನ್ಯ ಸಂಪಾದಕರೇ,

ದಾಸ್ತಾನಿಟ್ಟ ಕೃಷಿ ಉತ್ಪನ್ನದ ಮೇಲೆ ಬ್ಯಾಂಕುಗಳು ಕೊಡುವ ಅಡಮಾನ ಸಾಲಕ್ಕೆ ಕಾನೂನಿನ ಮಿತಿ ಬೇಕೇ ಬೇಕು ಎಂದು ನಂಬಿರುವವನು ನಾನು. ಆದರೆ ಆ ಮಿತಿ, ಸರಕು ಪಡೆದುದಕ್ಕೆ ಉಗ್ರಾಣ ಕೊಡುವ ಯಾವ ರಸೀದಿಯನ್ನು ನೆಚ್ಚಿಕೊಂಡಿದೆಯೋ ಆ ರಸೀದಿಯ ವಿಷಯದಲ್ಲೇ ನಮ್ಮ ಕಾನೂನು ಸಡಿಲವಾಗಿರುವುದು ಕಳವಳಕಾರಿಯಾಗಿದೆ.

1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 21ನೇ ಕಲಮು, ಸಾಲದ ಉದ್ದೇಶ, ಮಾರ್ಜಿನ್ (ಸರಕಿನ ಬೆಲೆಯಲ್ಲಿ ಸಾಲವಾಗಿ ಸಿಗದೆ ಸಾಲಗಾರನೇ ಭರಿಸಬೇಕಾದ ಪಾಲು), ಗರಿಷ್ಠ ಮೊತ್ತ ಮತ್ತು ಬಡ್ಡಿಯ ಬಗ್ಗೆ ಬ್ಯಾಂಕುಗಳಿಗೆ ನಿರ್ದೇಶನ ನೀಡುವ ಅಧಿಕಾರವನ್ನು ರಿಸರ್ವ್ ಬ್ಯಾಂಕಿಗೆ ಕೊಟ್ಟಿದೆ. 1956ರಲ್ಲಿ ಭತ್ತ, ಅಕ್ಕಿಯ ಮೇಲಿನ ಮುಂಗಡದಿಂದ ಆರಂಭವಾದ ಆಯ್ದ ಸಾಲ ನಿಯಂತ್ರಣದ (ನಿರ್ದಿಷ್ಟ ಸರಕುಗಳ ಮೇಲಿನ ಸಾಲಕ್ಕೆ ಹಾಕುವ ಕಡಿವಾಣದ) ಹಿಂದಿದ್ದ ತರ್ಕ ಇಂದಿಗೂ ಸರಿಯಾದುದೇ. ಬ್ಯಾಂಕಿನ ಹಣದಲ್ಲಿ ಧಾನ್ಯ ಕೊಂಡು, ಅದನ್ನು ಅಡವಿಟ್ಟು, ಬಂದ ಹಣದಲ್ಲಿ ಮತ್ತೆ ಧಾನ್ಯ ಕೊಳ್ಳುವ ವರ್ತಕನು ಠೇವಣಿದಾರರ ದುಡ್ಡಿನಿಂದಲೇ ಅವರ ಊಟದ ಬೆಲೆಯನ್ನು ಏರಿಸುತ್ತಾನೆ. ಮಾರ್ಜಿನ್ ಹೆಚ್ಚಿಸಿದರೆ ಅವನ ಕೈಗೆ ಸಿಗುವ ಮೊತ್ತ ಪ್ರತಿ ಸುತ್ತಿನಲ್ಲೂ ಕುಗ್ಗುತ್ತದೆ. 1990ರ ದಶಕದಲ್ಲಿ ಈ ನಿರ್ಬಂಧಗಳು ಬಹುಮಟ್ಟಿಗೆ ತೆರವಾದವು.

ಇಂದು ಹೆಚ್ಚಾಗಿ ಚರ್ಚೆಯಾಗುವುದು ಆದ್ಯತಾ ವಲಯದ (ಬ್ಯಾಂಕುಗಳು ತಮ್ಮ ಸಾಲದ ಒಂದು ಪಾಲನ್ನು ಕಡ್ಡಾಯವಾಗಿ ಕೊಡಬೇಕಾದ ಕೃಷಿಯಂಥ ಕ್ಷೇತ್ರಗಳ) ಮಿತಿ. 2021ರಲ್ಲಿ ತಿದ್ದುಪಡಿಯಾದ ರಿಸರ್ವ್ ಬ್ಯಾಂಕಿನ 2020ರ ನಿರ್ದೇಶನಗಳ ಪ್ರಕಾರ, ನೋಂದಾಯಿತ ಉಗ್ರಾಣದ ವರ್ಗಾವಣೀಯ ರಸೀದಿಯ (ಸರಕಿನ ಹಕ್ಕನ್ನು ಇನ್ನೊಬ್ಬರಿಗೆ ವರ್ಗಾಯಿಸಬಹುದಾದ ರಸೀದಿಯ) ಮೇಲೆ ರೈತರಿಗೆ ಗರಿಷ್ಠ 12 ತಿಂಗಳ ಅವಧಿಗೆ ಕೊಟ್ಟ ₹75 ಲಕ್ಷದವರೆಗಿನ ಸಾಲವು ಆದ್ಯತಾ ವಲಯದ ಲೆಕ್ಕಕ್ಕೆ ಸೇರುತ್ತಿತ್ತು. ಇತರ ಉಗ್ರಾಣಗಳ ರಸೀದಿಗೆ ಈ ಮಿತಿ ₹50 ಲಕ್ಷವಾಗಿತ್ತು. ನಂತರ ಮೊತ್ತಗಳು ಏರಿವೆ, ತಾರತಮ್ಯ ಉಳಿದಿದೆ. ಇದಕ್ಕಿಂತ ಹೆಚ್ಚು ಸಾಲ ಕೊಡಲೇಬಾರದು ಎಂದು ಇದರ ಅರ್ಥವಲ್ಲ, ಕೊಟ್ಟರೆ ಆ ಲೆಕ್ಕಕ್ಕೆ ಬರುವುದಿಲ್ಲ ಎಂದಷ್ಟೇ. ಬ್ಯಾಂಕ್ ಸಿಬ್ಬಂದಿಯೇ ಕೆಲವೊಮ್ಮೆ ಇದನ್ನು ತಪ್ಪಾಗಿ ವಿವರಿಸುವುದರಿಂದ ಸ್ಪಷ್ಟಪಡಿಸಬೇಕಾಯಿತು.

ನನ್ನ ಆಕ್ಷೇಪವಿರುವುದು ಆ ಎರಡನೆಯ ಬಗೆಯ ರಸೀದಿಯ ಬಗ್ಗೆ. 2007ರ ಉಗ್ರಾಣ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆಯಡಿ ನೋಂದಣಿ ಕಡ್ಡಾಯವಾಗಿರುವುದು ವರ್ಗಾವಣೀಯ ರಸೀದಿ ಕೊಡಬಯಸುವ ಉಗ್ರಾಣಗಳಿಗೆ ಮಾತ್ರ. ಮಿಕ್ಕ ಗೋದಾಮುಗಳು ನೋಂದಣಿಯಿಲ್ಲದೆ ನಡೆಯಬಹುದು, ಅವುಗಳ ಚೀಟಿಯ ಮೇಲೂ ಬ್ಯಾಂಕು ಸಾಲ ಕೊಡಬಹುದು. ಒಂದೇ ದಾಸ್ತಾನಿನ ಮೇಲೆ ಎರಡು ಬ್ಯಾಂಕುಗಳಿಂದ ಸಾಲ ಎತ್ತುವುದಕ್ಕೂ, ವರ್ತಕನೊಬ್ಬ ಹಲವು ರೈತರ ಹೆಸರಿನಲ್ಲಿ ಸರಕು ಇರಿಸಿ ಮಿತಿಯನ್ನು ದಾಟುವುದಕ್ಕೂ ಅಂಥ ಚೀಟಿ ದಾರಿ ಮಾಡಿಕೊಡುತ್ತದೆ. ವಿದ್ಯುನ್ಮಾನ ರಸೀದಿಯಲ್ಲಾದರೆ ಅಡಮಾನವು ರೆಪಾಸಿಟರಿಯಲ್ಲಿ (ಇಂಥ ರಸೀದಿಗಳ ದಾಖಲೆ ಇಡುವ ಸಂಸ್ಥೆಯಲ್ಲಿ) ದಾಖಲಾಗುತ್ತದೆ, ಆ ರಸೀದಿಯನ್ನು ಇನ್ನೊಂದು ಕಡೆ ಒತ್ತೆಯಿಡಲಾಗದು, ಯಾರ ಹೆಸರಿನಲ್ಲಿ ಎಷ್ಟು ದಾಸ್ತಾನಿದೆ ಎಂಬುದನ್ನೂ ಒಟ್ಟುಗೂಡಿಸಿ ನೋಡಬಹುದು. ಒಬ್ಬ ಸಾಲಗಾರನಿಗೆ ಇಷ್ಟೇ ಎಂಬ ಮಿತಿಯನ್ನು ಪರಿಶೀಲಿಸಲು ಈ ಒಟ್ಟು ಲೆಕ್ಕ ಅಗತ್ಯ. ಕಾಗದದ ಮೇಲಿನ ಸರಕು ಗೋದಾಮಿನಲ್ಲಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2013ರ ನ್ಯಾಷನಲ್ ಸ್ಪಾಟ್ ಎಕ್ಸ್‌ಚೇಂಜ್ ಎಂಬ ಸರಕು ವಹಿವಾಟು ಕೇಂದ್ರದ ಪ್ರಕರಣದಲ್ಲಿ ದೇಶ ಕಂಡಿದೆ. ಅಲ್ಲಿ ಹೂಡಿಕೆದಾರರ ಸುಮಾರು ₹5,600 ಕೋಟಿ ಸಿಲುಕಿಕೊಂಡಿತು.

ಈ ಸಡಿಲಿಕೆಯಿಂದ ಹೆಚ್ಚು ಕಳೆದುಕೊಳ್ಳುವವನು ಸಣ್ಣ ರೈತ. ಕಿಸಾನ್ ಕ್ರೆಡಿಟ್ ಕಾರ್ಡ್ ಹೊಂದಿರುವ ಸಣ್ಣ ಮತ್ತು ಅತಿಸಣ್ಣ ರೈತರಿಗೆ ಕೊಯ್ಲಿನ ನಂತರ ಆರು ತಿಂಗಳವರೆಗೆ ಬೆಳೆಸಾಲದ ರಿಯಾಯಿತಿ ಬಡ್ಡಿ ದೊರೆಯುವುದು ನೋಂದಾಯಿತ ಉಗ್ರಾಣದ ವರ್ಗಾವಣೀಯ ರಸೀದಿಗೆ ಮಾತ್ರ. ಹತ್ತಿರದಲ್ಲಿ ಅಂಥ ಉಗ್ರಾಣ ಇಲ್ಲದವನು ಸುಗ್ಗಿಯಲ್ಲಿ ಸಿಕ್ಕ ಬೆಲೆಗೆ ಮಾರಬೇಕು, ಇಲ್ಲವೇ ರಿಯಾಯಿತಿಯನ್ನು ಬಿಟ್ಟುಕೊಡಬೇಕು. ಅವನ ಮಟ್ಟಿಗೆ ಲಕ್ಷಗಳ ಮಿತಿ ಎಂದೂ ಅಡ್ಡ ಬಂದದ್ದಿಲ್ಲ.

ಆದ್ದರಿಂದ, ಬ್ಯಾಂಕುಗಳು ಸಾಲಕ್ಕೆ ಭದ್ರತೆಯಾಗಿ ಒಪ್ಪುವ ಯಾವುದೇ ರಸೀದಿಯು ನೋಂದಾಯಿತ ಉಗ್ರಾಣದ್ದೇ ಆಗಿರಬೇಕೆಂದು ರಿಸರ್ವ್ ಬ್ಯಾಂಕು ಅದೇ 21ನೇ ಕಲಮಿನಡಿ ಆದೇಶಿಸಲಿ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಗೋದಾಮುಗಳು ನೋಂದಾಯಿಸಿಕೊಳ್ಳಲು ಎರಡು ಮೂರು ವರ್ಷಗಳ ಕಾಲಾವಕಾಶವನ್ನೂ, ಅದಕ್ಕೆ ಬೇಕಾದ ತೂಕ ಮತ್ತು ಗುಣಮಟ್ಟ ಪರೀಕ್ಷೆಯ ಸಲಕರಣೆಗಳಿಗೆ ನೆರವನ್ನೂ ಸರ್ಕಾರ ಒದಗಿಸಲಿ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ