ಓದಿ ಅತ್ತವಳಿಗೆ

ಪ್ರೀತಿಯ ಹುಡುಗಿ,

ನೀನು ಕಳಿಸಿದ ಬರಹಗಳ ಕಟ್ಟು ತಲುಪಿತು. ಓದಿದ ಕಾದಂಬರಿ, ಆತ್ಮಕಥೆಗಳ ಬಗ್ಗೆ ಇಷ್ಟು ಮನಸ್ಸಿಟ್ಟು ಬರೆಯುವವರು ಈಚೆಗೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಎಷ್ಟು ಉದ್ದ ಬರೆದರೆ ಪತ್ರಿಕೆಯವರು ಹಾಕಿಕೊಳ್ಳುತ್ತಾರೆ, ಪ್ಯಾರಾ ಎಲ್ಲಿ ಒಡೆಯಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ಯಾರನ್ನು ಕೇಳಿದರೂ ಹೇಳುತ್ತಾರೆ, ಬಿಡು. ಜೊತೆಗಿಟ್ಟ ಚೀಟಿಯಲ್ಲಿ 'ನನಗೆ ಬರೆಯಲು ಬರುವುದಿಲ್ಲ, ಓದುವುದಷ್ಟೇ ಗೊತ್ತು' ಅಂದಿದ್ದೀಯಲ್ಲ, ನನ್ನ ಜಗಳ ಅದರ ಮೇಲೆ. ಬರೆಯಲು ನಿನಗೆ ಚೆನ್ನಾಗಿಯೇ ಬರುತ್ತದೆ. ಅವಸರ ಇರುವುದು ಓದುವುದರಲ್ಲಿ.

ಪ್ರತಿ ಬರಹದಲ್ಲೂ ನಿನ್ನ ಕಣ್ಣು ತುಂಬಿ ಬಂದಿದೆ. 'ಊರುಕೇರಿ' ಓದಿ ಅತ್ತಿದ್ದೀಯ, 'ಗೃಹಭಂಗ' ಓದಿ ನಿದ್ದೆಗೆಟ್ಟಿದ್ದೀಯ, 'ಆಡಾಡತ ಆಯುಷ್ಯ' ಮುಗಿಸಿ ಮೂಕಳಾಗಿದ್ದೀಯ. ಅಲ್ಲಮ್ಮಾ, ಇದರಿಂದ ನಿನ್ನ ಮನಸ್ಸು ಮೆದು ಅಂತ ತಿಳಿಯಿತು, ಪುಸ್ತಕದ ಸುದ್ದಿ ಏನೂ ತಿಳಿಯಲಿಲ್ಲ. 'ಊರುಕೇರಿ'ಯಲ್ಲಿ ಸಿದ್ಧಲಿಂಗಯ್ಯನವರ ಆರಂಭವನ್ನೇ ನೋಡು. ಹೊಲದಲ್ಲಿ ಇಬ್ಬರು ಎತ್ತುಗಳ ಹಾಗೆ ನೊಗ ಹೊತ್ತಿದ್ದಾರೆ, ಇನ್ನೊಬ್ಬ ಉಳುತ್ತಿದ್ದಾನೆ. ನೊಗ ಹೊತ್ತವರಲ್ಲಿ ಒಬ್ಬರು ಹುಡುಗನ ಅಪ್ಪ. ಅಲ್ಲಿ ಯಾರಿಗಾದರೂ ಗಂಟಲು ಕಟ್ಟುತ್ತದೆ. ಆದರೆ ಮುಂದೆ ಅದೇ ಪುಸ್ತಕ ಹೊಟ್ಟೆ ಹುಣ್ಣಾಗುವಷ್ಟು ನಗಿಸುತ್ತದೆ, ನೀನು ನಗಲಿಲ್ಲವೇ? ನಿನ್ನ ಬರಹದಲ್ಲಿ ನಗುವಿನ ಸುಳಿವೇ ಇಲ್ಲ. ದಲಿತರ ಆತ್ಮಕಥೆ ಓದಿ ನಕ್ಕೆ ಅಂದರೆ ಜನ ಏನಂದುಕೊಂಡಾರು ಎಂದು ಬಿಟ್ಟಿದ್ದರೆ ಅದು ಸುಳ್ಳು ಬರೆದ ಹಾಗೆ. ಆ ಮನುಷ್ಯ ಅವಮಾನದ ನಡುವೆ ನಿಂತು ನಗಿಸಿದ್ದನ್ನು ನೀನು ಒರೆಸಿ ಹಾಕಿ, ಬರೀ ಅಳು ಉಳಿಸಿಕೊಂಡೆ.

'ಗೃಹಭಂಗ'ದ ಬಗ್ಗೆ ಬರೆದದ್ದೇ ಇಡೀ ಕಟ್ಟಿನಲ್ಲಿ ಚೆನ್ನಾಗಿರುವುದು. ಅದಕ್ಕೇ ಅದರ ಮೇಲೆ ಸಿಟ್ಟೂ ಜಾಸ್ತಿ. ಮೊದಲು ಭೈರಪ್ಪನವರ ಆತ್ಮಕಥೆ 'ಭಿತ್ತಿ' ಓದಿ ಆಮೇಲೆ ಅವರ ಈ ಕಾದಂಬರಿಗೆ ಬಂದಿದ್ದೀಯ. ಕಾದಂಬರಿಯ ನಂಜಮ್ಮ ಅಂದರೆ ಭೈರಪ್ಪನವರ ತಾಯಿಯೇ, ಪ್ಲೇಗೂ ಅದೇ, 'ಎಲ್ಲ ನಿಜವಾಗಿ ನಡೆದದ್ದು' ಎಂದು ಕೈತೊಳೆದುಕೊಂಡಿದ್ದೀಯ. ಕಾದಂಬರಿ ಬಂದದ್ದು 1970ರಲ್ಲಿ, ಆತ್ಮಕಥೆ 1996ರಲ್ಲಿ. ನಡುವಿನ 26 ವರ್ಷ ಓದುಗರು 'ಭಿತ್ತಿ'ಯ ಆಸರೆಯಿಲ್ಲದೆ ನಂಜಮ್ಮನನ್ನು ನಂಬಿದ್ದು ಹೇಗೆ? ಆತ್ಮಕಥೆಯಲ್ಲಿ ಮಗ ಕಂಡದ್ದು, ಕೇಳಿದ್ದು ಬರಬಹುದು, ಅಷ್ಟೇ. ಗಂಡ ಚೆನ್ನಿಗರಾಯನ ಕೈಲಾಗದ ಶಾನುಭೋಗಿಕೆಯ ಲೆಕ್ಕವನ್ನು ತಾನು ಬರೆಯುವಾಗ, ಮುತ್ತುಗದ ಎಲೆ ಹಚ್ಚುವಾಗ, ಆ ಹೆಂಗಸಿನ ತಲೆಯಲ್ಲಿ ಏನು ಓಡುತ್ತಿತ್ತು ಎಂದು ಯಾವ ಮಗನಿಗೂ ಗೊತ್ತಿರುವುದಿಲ್ಲ. ಕಾದಂಬರಿಕಾರ ಅದನ್ನು ಕಟ್ಟಲೇಬೇಕು. ಅತ್ತೆ ಗಂಗಮ್ಮನ ಬೈಗುಳ ಓದುತ್ತಾ ನಮಗೆ ನಗು ಬರುತ್ತದೆ, ಆ ಬಾಯಿಯೇ ಸಂಸಾರವನ್ನೂ ನುಂಗುತ್ತದೆ. ನಗುತ್ತಿದ್ದವರು ಯಾವ ಪುಟದಲ್ಲಿ ನಗು ನಿಲ್ಲಿಸುತ್ತೇವೆ? ಅದನ್ನು ಹುಡುಕಿ ಬರೆಯುವುದು ಬಿಟ್ಟು ನನಗೆ ನಿದ್ದೆ ಬರಲಿಲ್ಲ ಅಂದರೆ ನಾನೇನು ಮಾಡಲಿ?

'ನಿಜವಾಗಿ ನಡೆದದ್ದು' ಎಂಬ ಮಾತಿಗೆ ಸೋಲಬೇಡ. ಇದು ನನ್ನ ಹಳೇ ಹುಚ್ಚು, ಮನೆಗೆ ಬಂದವರಿಗೆಲ್ಲ ಕೊರೆಯುತ್ತೇನೆ. 'ಆಡಾಡತ ಆಯುಷ್ಯ'ವನ್ನು ಗಿರೀಶ ಕಾರ್ನಾಡರು ಶುರುಮಾಡುವುದೇ ತಾವು ಹುಟ್ಟದೆ ಹೋಗಬಹುದಾಗಿದ್ದ ದಿನದಿಂದ. ಗರ್ಭ ತೆಗೆಸಲೆಂದು ತಾಯಿ ಪುಣೆಯ ದವಾಖಾನೆಗೆ ಹೋಗಿ ಕಾಯುತ್ತಾರೆ, ಡಾಕ್ಟರು ಬರುವುದಿಲ್ಲ, ಎದ್ದು ವಾಪಸು ಬರುತ್ತಾರೆ. ಬಾರದ ಆ ಡಾಕ್ಟರಿಗೇ ಪುಸ್ತಕದ ಅರ್ಪಣೆ. ನೀನು 'ಎಂಥ ಪ್ರಾಮಾಣಿಕತೆ!' ಎಂದು ಉದ್ಗರಿಸಿ ಮುಂದೆ ಹೋದೆ. ನನಗೆ ಅಲ್ಲಿ ಕಾಣುವುದು ಪರದೆ ಯಾವಾಗ ಏಳಬೇಕೆಂದು ಬಲ್ಲ ನಾಟಕಕಾರ. ಸುಳ್ಳು ಹೇಳಿದರು ಅಂತಲ್ಲ. ನಿಜವನ್ನೇ ಆರಿಸಿ, ಬೇಕಾದ ಜಾಗದಲ್ಲಿ ಇಟ್ಟಿದ್ದಾರೆ. ಅಷ್ಟು ದಿಟ್ಟವಾಗಿ ಶುರುಮಾಡಿದವರು ಮುಂದೆ ಏನನ್ನು ಹೇಳದೆ ಬಿಟ್ಟಿರಬಹುದು ಎಂದು ಕೇಳುವ ಹಕ್ಕು ಓದುವವಳಿಗೆ ಇದೆ. ನೀನು ಕೇಳಲೇ ಇಲ್ಲ.

ನನ್ನ ಮೊದಲ ಕಾದಂಬರಿ ಬಂದಾಗ ಒಂದು ಪತ್ರಿಕೆಯಲ್ಲಿ ಅರ್ಧ ಪುಟ ಹೊಗಳಿಕೆ ಬಂದಿತ್ತು. ಬೆನ್ನುಡಿಯ ವಾಕ್ಯಗಳನ್ನೇ ಹಿಂದುಮುಂದು ಮಾಡಿ ಬರೆದದ್ದು. ಎರಡನೇ ಅಧ್ಯಾಯದಲ್ಲಿ ಸತ್ತ ಪಾತ್ರ ಆ ವಿಮರ್ಶೆಯಲ್ಲಿ ಕೊನೆತನಕ ಬದುಕಿತ್ತು! ಮನೆಯವರೆಲ್ಲ ಖುಷಿಪಟ್ಟು ಅದನ್ನು ಕತ್ತರಿಸಿ ಇಟ್ಟುಕೊಂಡರು. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ. ನಿನ್ನ ಬರಹದಲ್ಲಿ 'ಕೈಗೆತ್ತಿಕೊಂಡರೆ ಕೆಳಗಿಡಲಾಗದ' ಎಂಬ ಮಾತು ಕಂಡಾಗೆಲ್ಲ ಆ ಮಹಾಶಯನೇ ನೆನಪಾಗುತ್ತಾನೆ. ಕೆಳಗಿಟ್ಟೇ ಇರುತ್ತೀಯ. ಯಾವ ಪುಟದಲ್ಲಿ ಇಟ್ಟೆ, ಯಾಕೆ ಬೇಜಾರಾಯಿತು, ಎಷ್ಟು ಹಾರಿಸಿದೆ, ಅದನ್ನು ಬರೆ. ದೊಡ್ಡವರ ಪುಸ್ತಕ ಬೇಜಾರು ಹಿಡಿಸಿತು ಅನ್ನಲು ಹೆದರಿಕೆಯೇ? ನನ್ನ ಪುಸ್ತಕದ ಬಗ್ಗೆ ಬರೆದ ಹಾಳೆಗಳಲ್ಲಿ ಒಂದು ತಪ್ಪೂ ನಿನಗೆ ಸಿಕ್ಕಿಲ್ಲ. ಅವನ್ನು ಹರಿದು ಹಾಕು.

'ಗೃಹಭಂಗ'ದ ಬಗ್ಗೆ ಹೊಸದಾಗಿ ಬರೆದು ಕಳಿಸು, 'ಭಿತ್ತಿ'ಯ ಹೆಸರೆತ್ತಬಾರದು. ಯುಗಾದಿಗೆ ಊರಿಗೆ ಬರುವೆ ಅಂದಿದ್ದೀಯ, ಬಂದಾಗ ಮನೆಗೂ ಬಾ, ಕಾಫಿ ನಾನೇ ಮಾಡುತ್ತೇನೆ. ಕುವೆಂಪು ಅವರ ಆತ್ಮಕಥೆ 'ನೆನಪಿನ ದೋಣಿಯಲ್ಲಿ' ಬಗ್ಗೆ ನೀನು ಬರೆದದ್ದನ್ನು ಇನ್ನೂ ಓದಿಲ್ಲ. ಅಷ್ಟು ದಪ್ಪದ ಪುಸ್ತಕವನ್ನು ಒಂದೂವರೆ ಪುಟದಲ್ಲಿ ಮುಗಿಸಿದ್ದು ನೋಡಿ, ಕೋಪ ಇಳಿಯಲಿ ಎಂದು ಪಕ್ಕಕ್ಕೆ ಇಟ್ಟಿದ್ದೇನೆ.

ಆಶೀರ್ವಾದಗಳು.