ಆರೋಗ್ಯ ಸಚಿವರಿಗೆ: ಚಿಕಿತ್ಸೆ ಅರ್ಧಕ್ಕೆ ಬಿಟ್ಟ ಮಕ್ಕಳನ್ನೂ ಎಣಿಸಿ

ಮಾನ್ಯ ಆರೋಗ್ಯ ಸಚಿವರೇ,

ಉಬ್ಬಲ್ಲಿನ ಮಕ್ಕಳಿಗೆ ಹಾಕುವ ಫಂಕ್ಷನಲ್ ಅಪ್ಲೈಯನ್ಸ್, ಅಂದರೆ ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಸಾಧನದ ಬಗ್ಗೆ ನಿಮ್ಮ ಗಮನ ಬೇಕು. ಅದರಲ್ಲಿ ಒಂದು ಬಗೆಯಾದ ಟ್ವಿನ್ ಬ್ಲಾಕ್ ಅನ್ನೇ ನೋಡಿ. ಮೇಲೊಂದು ಪ್ಲೇಟು, ಕೆಳಗೊಂದು ಪ್ಲೇಟು, ಎರಡರಲ್ಲೂ ಇಳಿಜಾರಾದ ಅಕ್ರಿಲಿಕ್ ಗಟ್ಟಿ. ಬಾಯಿ ಮುಚ್ಚಿದರೆ ಕೆಳದವಡೆ ಮುಂದೆ ಬಂದೇ ಕೂರಬೇಕು. ಮೊದಮೊದಲು ಜೊಲ್ಲು ಸುರಿಯುತ್ತದೆ, ಮಾತು ತೊದಲುತ್ತದೆ. ತಿಂಗಳುಗಟ್ಟಲೆ ಹಾಕಿಕೊಂಡಿರಬೇಕು.

ಇಷ್ಟೆಲ್ಲ ಯಾಕೆ ಅಂದರೆ ಅಪ್ಪ ಅಮ್ಮನಿಗೆ ಸಿಗುವ ಉತ್ತರ, "ಕೆಳದವಡೆ ಬೆಳೆಯುತ್ತದೆ". ಮುಂದಿನ ಹಲ್ಲು ಹಿಂದೆ ಸರಿಯುವುದಂತೂ ನಿಜ. ದವಡೆಯ ಮಾತು ಹಾಗಲ್ಲ. ಎಷ್ಟೋ ಹಳೆಯ ಅಧ್ಯಯನಗಳು ಚಿಕಿತ್ಸೆ ಚೆನ್ನಾಗಿ ಮುಗಿದ ಮಕ್ಕಳ ಎಕ್ಸ್-ರೇಗಳನ್ನು ಆರಿಸಿಕೊಂಡವು. ಹೋಲಿಕೆಗೆ ದಶಕಗಳ ಹಿಂದೆ ಬೆಳೆದ ಬೇರೆ ಮಕ್ಕಳ ಎಕ್ಸ್-ರೇ ತಂದವು. ಹೀಗೆ ಆರಿಸಿದರೆ ಫಲಿತಾಂಶ ಚೆನ್ನಾಗಿ ಕಾಣದೆ ಇನ್ನೇನು?

ಚೀಟಿ ಎತ್ತಿದ ಹಾಗೆ ಮಕ್ಕಳನ್ನು ಎರಡು ಗುಂಪು ಮಾಡಿ ನೋಡಿದಾಗ ಚಿತ್ರ ಬದಲಾಯಿತು. ಬ್ರಿಟನ್ನಿನಲ್ಲಿ 8ರಿಂದ 10 ವರ್ಷದ 174 ಮಕ್ಕಳ ಮೇಲೆ ಇಂಥ ಪರೀಕ್ಷೆ ನಡೆದು, 2003ರಲ್ಲಿ ವರದಿ ಬಂತು. ಉಬ್ಬು ಕಡಿಮೆಯಾಗಿತ್ತು, ಆದರೆ ಬಹುಪಾಲು ಹಲ್ಲು ವಾಲಿದ್ದರಿಂದ. ದವಡೆಯ ಬದಲಾವಣೆ ತೀರಾ ಸಣ್ಣದು. ಅದೇ ವರ್ಷದ ಇನ್ನೊಂದು ಪರೀಕ್ಷೆಯಲ್ಲಿ ಟ್ವಿನ್ ಬ್ಲಾಕ್ ಹಾಕಿಸಿಕೊಂಡವರಲ್ಲಿ ಸುಮಾರು ಮೂರನೇ ಒಂದು ಭಾಗ ಅರ್ಧಕ್ಕೇ ಬಿಟ್ಟಿದ್ದರು. ಬರೀ ಪೂರ್ತಿ ಮಾಡಿದವರನ್ನು ಎಣಿಸಿದರೆ ಈ ಮಕ್ಕಳ ಕಷ್ಟ ಎಲ್ಲೂ ಕಾಣುವುದಿಲ್ಲ, ಅಲ್ವಾ?

ಅಪ್ಲೈಯನ್ಸೇ ಬೇಡ ಅನ್ನುತ್ತಿಲ್ಲ. ಚಿಕ್ಕ ವಯಸ್ಸಿನಲ್ಲೇ ಶುರು ಮಾಡಿದರೆ ಮುಂದಿನ ಹಲ್ಲಿಗೆ ಪೆಟ್ಟು ಬೀಳುವುದು ಕಡಿಮೆಯಾಗುತ್ತದೆ ಎಂದು ಹಲವು ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡಿದ 2013ರ ಕಾಕ್ರೇನ್ ವಿಮರ್ಶೆ ಹೇಳಿದೆ. ಹಲ್ಲು ಒಮ್ಮೆ ಮುರಿದರೆ ಜೀವನಪೂರ್ತಿ ರಿಪೇರಿ, ಹಾಗಾಗಿ ಇದು ದೊಡ್ಡ ಲಾಭವೇ. ಆದರೆ ಹದಿಹರೆಯದಲ್ಲಿ ಒಂದೇ ಸಲ ಮಾಡುವ ಚಿಕಿತ್ಸೆಗಿಂತ ಬೇರೆ ಹೆಚ್ಚಿನ ಲಾಭ ಅದಕ್ಕೆ ಕಾಣಲಿಲ್ಲ. ಈ ಎರಡೂ ಮಾತು ಪಾಲಕರಿಗೆ ಒಟ್ಟಿಗೇ ತಿಳಿಯಬೇಕು.

ಸರ್ಕಾರಿ ದುಡ್ಡಿನ ಸಂಶೋಧನೆಗೆ ಷರತ್ತು ಹಾಕಿ. ಏನನ್ನು ಅಳೆಯುತ್ತೇವೆ ಎಂದು ಮೊದಲೇ ನೋಂದಾಯಿಸಲಿ. ಶುರು ಮಾಡಿದ ಪ್ರತಿ ಮಗುವಿನ ಲೆಕ್ಕ ಕೊಡಲಿ. ಫಲಿತಾಂಶ ಹೇಗೇ ಬಂದರೂ ಪ್ರಕಟಿಸಲಿ. ಪಾಲಕರು ಸಹಿ ಹಾಕುವ ಒಪ್ಪಿಗೆ ಪತ್ರದಲ್ಲಿ ಹಲ್ಲು ಎಷ್ಟು ಸರಿಯುತ್ತದೆ, ದವಡೆ ಎಷ್ಟು ಬೆಳೆಯುತ್ತದೆ, ಎಷ್ಟು ಮಕ್ಕಳು ಅರ್ಧಕ್ಕೆ ಬಿಡುತ್ತಾರೆ ಅನ್ನುವುದು ಅವರಿಗೆ ಅರ್ಥವಾಗುವ ಭಾಷೆಯಲ್ಲಿರಲಿ. ದಯವಿಟ್ಟು ಈ ಆದೇಶ ಬೇಗ ಹೊರಡಿಸಿ.

ಇಂತಿ,
ಒಬ್ಬ ನಾಗರಿಕ