ಹಾರ್ಡ್ ಡಿಸ್ಕ್ ಜೊತೆಗೆ ಒಂದು ಕಾಗದ

ಪುಟ್ಟಿ,

ಶುಕ್ರವಾರ ನೀನು ಜರ್ಮನಿಗೆ ಹೊರಡುವ ಗಡಿಬಿಡಿಯಲ್ಲಿ ಕೂತು ಮಾತಾಡೋಕೆ ಆಗಲ್ಲ. ಅದಕ್ಕೇ ಬರೆದು ಈ ಪೊಟ್ಟಣದಲ್ಲಿ ಇಡುತ್ತಿದ್ದೇನೆ. ಯುಗಾದಿ ದಿನದ ಜಗಳದ ಬಗ್ಗೆ ಏನೂ ಹೇಳಲ್ಲ, ಇಬ್ಬರಿಗೂ ನೆನಪಿದೆ. ಆದರೂ 'ಎಲ್ಲಾ ಫೋನಲ್ಲೇ ಸಿಗತ್ತಲ್ಲಮ್ಮ, ಈ ಸಿಡಿಗಳನ್ನ ಗುಜರಿಗೆ ಹಾಕು' ಅಂದೆಯಲ್ಲ, ಅದು ಇನ್ನೂ ಚುಚ್ಚುತ್ತಿದೆ.

ಗುಜರಿಗೆ ಹಾಕಿಲ್ಲ. ಮುನ್ನೂರಕ್ಕೂ ಹೆಚ್ಚು ಸಿಡಿಗಳು ಈ ಅಂಗೈಯಷ್ಟು ಡಬ್ಬಿಯಲ್ಲಿವೆ. ಎಲ್ಲಾ ಫ್ಲಾಕ್ ಅನ್ನೋ ಫೈಲ್ ರೂಪದಲ್ಲಿ, ಎಂಪಿ-ತ್ರೀ ಅಲ್ಲ. ಎಂಪಿ-ತ್ರೀ ಮಾಡುವಾಗ ಕಿತ್ತು ಬಿಸಾಡಿದ್ದು ಮತ್ತೆ ಬರಲ್ಲ. ಫ್ಲಾಕ್‌ನಲ್ಲಿ ಒಂದು ಚೂರೂ ಹೋಗಲ್ಲ, ಜಾಗ ಮಾತ್ರ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯತ್ತೆ. ಒಂದು ಸಿಡಿಗೆ 300–400 ಎಂಬಿ, ಅಷ್ಟೇ. 1 ಟಿಬಿ ಡಿಸ್ಕ್ ಅರ್ಧವೂ ತುಂಬಿಲ್ಲ. ಒಂದು ಗಂಟೆಯ ರಾಗ-ತಾನ-ಪಲ್ಲವಿಯನ್ನು ಸಿಡಿಯವರು ಮೂರು ನಾಲ್ಕು ಟ್ರ್ಯಾಕ್ ಮಾಡಿರುತ್ತಾರಲ್ಲ, ನಡುವೆ ಗಕ್ಕನೆ ನಿಲ್ಲದ ಹಾಗೆ 'ಗ್ಯಾಪ್‌ಲೆಸ್' ಇರೋ ಪ್ಲೇಯರ್ ಹಾಕಿಕೋ.

ಹೆಸರುಗಳನ್ನು ಸರಿಮಾಡಿದ್ದೇ ದೊಡ್ಡ ರಾಮಾಯಣ. ಇಂಟರ್‌ನೆಟ್ಟಿಂದ ತಾನಾಗೇ ಬಂದ ಪಟ್ಟಿಯಲ್ಲಿ ವೀಣೆ ದೊರೆಸ್ವಾಮಿ ಅಯ್ಯಂಗಾರ್ ಮೂರು ಜನ ಆಗಿದ್ದರು. ಒಂದರಲ್ಲಿ ಮೈಸೂರು ಸೇರಿಸಿ, ಒಂದರಲ್ಲಿ ಬರೀ 'ವಿ.', ಇನ್ನೊಂದರಲ್ಲಿ ದೊರೈಸ್ವಾಮಿ. ರಾಗಕ್ಕೆ ಜಾಗವೇ ಇರಲಿಲ್ಲ. ನಾನೇ ಒಂದು ಮಾಡಿದೆ. ಈಗ ಕಲ್ಯಾಣಿ ಅಂತ ಹುಡುಕಿದರೆ ಮನೆಯಲ್ಲಿರೋ ಅಷ್ಟೂ ಕಲ್ಯಾಣಿ ಸಾಲಾಗಿ ನಿಲ್ಲುತ್ತವೆ. ನಿಮ್ಮಪ್ಪ ನೋಡಿ, ಆಫೀಸಿನವರು ನಿನ್ನನ್ನ ಯಾಕೆ ನಿವೃತ್ತಿ ಮಾಡಿದರೋ ಅಂದರು.

ಇನ್ನು ಆ ಸಿಡಿ. 2009ರ ರಾಮನವಮಿಯಲ್ಲಿ ನೀನು ಹಾಡಿದ ಕಚೇರಿ. ಮೈಕಿನವರು ಬರೆದುಕೊಟ್ಟಿದ್ದು, ಮೇಲೆ ಹಳದಿ ಲೇಬಲ್ ಅಂಟಿಸಿ. ಅಂಗಡಿಯ ಸಿಡಿ ಆದರೆ, ಸಿಡಿಯಿಂದ ಹಾಡು ಇಳಿಸೋ ಈ ಸಾಫ್ಟ್‌ವೇರ್ ಬೇರೆಯವರು ಅದೇ ಸಿಡಿ ಓದಿಸಿದಾಗ ಬಂದ ಲೆಕ್ಕದ ಜೊತೆ ತಾಳೆ ನೋಡತ್ತೆ. ಸರಿಯಿದ್ದರೆ ಸರಿ ಅನ್ನತ್ತೆ. ಇದಕ್ಕೆ ತಾಳೆ ನೋಡೋಕೆ ಲೋಕದಲ್ಲಿ ಇನ್ನೊಂದು ಪ್ರತಿ ಇಲ್ಲ. ಬರೆಯುವ ಸಿಡಿಯಲ್ಲಿ ಬಣ್ಣದ ಪದರ ಇರತ್ತೆ, ವರ್ಷ ಹೋದ ಹಾಗೆ ಮಾಸತ್ತೆ. ಡ್ರೈವ್ ಗರಗರ ಅಂತ ಅದೇ ಜಾಗವನ್ನು ಮತ್ತೆ ಮತ್ತೆ ಓದಿತು. ಅಂಚಿಗೆ ಹೋದ ಮಂಗಳದಲ್ಲಿ ಚಟಪಟ ಉಳಿದಿದೆ. ಉಳಿದದ್ದು ಚೆನ್ನಾಗಿದೆ.

ಚರಣದ ಎರಡನೇ ಸಾಲು. ನೀನು ಒಂದು ಕ್ಷಣ ನಿಲ್ಲಿಸುತ್ತೀಯ. ಹಿಂದೆ ತಂಬೂರಿ ಹಿಡಿದಿದ್ದ ನಾನು ಸಾಲು ಎತ್ತಿಕೊಟ್ಟೆ. ಮೃದಂಗ ನಿಲ್ಲಲಿಲ್ಲ. ನೆನಪಿತ್ತಮ್ಮ, ಉಸಿರು ತಗೋತಿದ್ದೆ ಅಷ್ಟೇ, ನೀನೇ ಅವಸರ ಮಾಡಿದೆ ಅಂತ ನೀನು ಆವತ್ತಿಂದ ಹೇಳುತ್ತಿದ್ದೀಯ. ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ನನ್ನ ದನಿ ಮೈಕಿಗೆ ಅಷ್ಟು ಜೋರಾಗಿ ಬಿದ್ದಿದೆ ಅಂತ ಗೊತ್ತೇ ಇರಲಿಲ್ಲ. ಒಂದು ಸಲ ನಿನ್ನ ಉಸಿರು ಮೊದಲು ಅನಿಸತ್ತೆ. ಮತ್ತೆ ಹಾಕಿದರೆ ನನ್ನದೇ ಮೊದಲು. ಕಂಪ್ಯೂಟರ್ ಮೇಲೆ ದನಿಯ ಗೆರೆಗಳನ್ನು ದೊಡ್ಡದು ಮಾಡಿಯೂ ನೋಡಿದೆ. ಎರಡೂ ಒಂದರೊಳಗೊಂದು ಸೇರಿಹೋಗಿವೆ, ಬಿಡಿಸೋಕೆ ಆಗಲಿಲ್ಲ. ನೀನು ಎಲ್ಲಿ ನಿಂತುಬಿಡುತ್ತೀಯೋ ಅಂತ ಎದೆ ಹೊಡೆದುಕೊಳ್ಳುತ್ತಿತ್ತು ಕಣೇ. ಯಾವ ತಾಯಿ ಸುಮ್ನೆ ಕೂರುತ್ತಾಳೆ ಹೇಳು? ಆದರೆ ಆಮೇಲೆ ನೀನು ವೇದಿಕೆ ಹತ್ತಲಿಲ್ಲ. ಪಾಠಕ್ಕೂ ಒಲ್ಲದ ಮನಸ್ಸಿಂದ ಹೋದೆ, ಪಿಯುಸಿ ನೆಪದಲ್ಲಿ ಅದೂ ನಿಂತಿತು. ನಾನು ಎತ್ತಿಕೊಡದೆ ಇದ್ದಿದ್ದರೆ ಅಂತ ಯೋಚನೆ ಬರತ್ತೆ. ಬಂದಾಗೆಲ್ಲ ಎದ್ದು ಇನ್ನೊಂದು ಸಿಡಿ ಹಾಕುತ್ತಿದ್ದೆ. ಅನುಪಲ್ಲವಿಯಲ್ಲಿ ನಿನ್ನ ಶ್ರುತಿ ಎಷ್ಟು ಗಟ್ಟಿ ನಿಂತಿದೆ ಗೊತ್ತಾ? ಹತ್ತು ವರ್ಷದ ಹುಡುಗಿ!

ಇರಲಿ. ಒಂದು ಡಿಸ್ಕ್ ನಂಬಬೇಡ. ಹಾರ್ಡ್ ಡಿಸ್ಕ್ ಹೇಳದೆ ಕೇಳದೆ ಕೈಕೊಡತ್ತೆ. ಹೋದ ತಕ್ಷಣ ಇನ್ನೊಂದು ಪ್ರತಿ ಮಾಡು, ಅದನ್ನು ಬೇರೆ ಕಡೆ ಇಡು. ಮೂರನೆಯದು ಇಲ್ಲಿ ನನ್ನ ಹತ್ತಿರ ಇರತ್ತೆ. ಆರು ತಿಂಗಳಿಗೊಮ್ಮೆ ತೆಗೆದು ನೋಡು. ದುಡ್ಡೂ ಹಾಗೇ, ಎಲ್ಲಾ ಒಂದೇ ಬ್ಯಾಂಕಲ್ಲಿ ಇಡಬೇಡ. ಪಾಸ್‌ಪೋರ್ಟ್ ನಕಲು ತೆಗೆದಿಟ್ಟುಕೋ. ರಾತ್ರಿ ಊಟ ಬಿಡಬೇಡ. ನೋಡು, ಪಾಠ ಶುರುವಾಯಿತು, ಅಲ್ವಾ?

ಡಿಸ್ಕನ್ನು ಕೈಚೀಲದಲ್ಲೇ ಇಟ್ಟುಕೋ, ದೊಡ್ಡ ಸೂಟ್‌ಕೇಸಿಗೆ ಹಾಕಬೇಡ. ರಾಮನವಮಿ ಫೋಲ್ಡರಿನಲ್ಲಿ ಗಾಯನ ಅಂತ ನಿನ್ನ ಹೆಸರು, ಮೃದಂಗಕ್ಕೆ ಮೇಷ್ಟರ ಹೆಸರು ಹಾಕಿದ್ದೇನೆ. ಪಿಟೀಲು ನುಡಿಸಿದ ಹುಡುಗಿ ಯಾರು? ಎರಡು ಜಡೆ ಹಾಕಿಕೊಂಡು ಬರುತ್ತಿದ್ದಳಲ್ಲ. ನಿಮ್ಮಪ್ಪನಿಗೂ ನೆನಪಿಲ್ಲ. ತಿಳಿಸು, ಆ ಜಾಗ ಖಾಲಿ ಇದೆ.

ನಿನ್ನ
ಅಮ್ಮ